ವಂತಿಗೆಯ ಪೆಟ್ಟಿಗೆಗೆ ಬೀಗ ಯಾರದು?

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ ಹಿರಿಯರು. ಒಳ್ಳೆಯ ನೀತಿಯೇ. ಆದರೆ ಎಲ್ಲರಿಗೂ ಸೇರಿದ ಕೆಲಸ ಮಾಡುವವನು ಒಬ್ಬನೇ ಧನಿಕನ ಮನೆಯಲ್ಲಿ ಉಣ್ಣತೊಡಗಿದರೆ ಅದೇ ನೀತಿ ತೊಡಕಾಗುತ್ತದೆ. ಕ್ರಿಪ್ಟೋ ಕರೆನ್ಸಿಗಳ ಮುಕ್ತ ತಂತ್ರಾಂಶ ಬರೆಯುವವರ ಮುಂದಿರುವ ಪ್ರಶ್ನೆಯೂ ಇದೇ. ತಂತ್ರಾಂಶ ಎಲ್ಲರಿಗೂ ಉಚಿತ. ಆದರೆ ಅದನ್ನು ಬರೆಯುವವನ ಮನೆ ಬಾಡಿಗೆ ಉಚಿತವಲ್ಲ. ಹಾಗಾದರೆ ಅವನಿಗೆ ಸಂಬಳ ಕೊಡುವವರು ಯಾರು?

ಒಂದೊಂದು ನಾಣ್ಯದವರು ಒಂದೊಂದು ಉತ್ತರ ಕಂಡುಕೊಂಡರು. ಬಿಟ್‌ಕಾಯಿನ್‌ಗಾಗಿ 2012ರಲ್ಲಿ ಹುಟ್ಟಿದ ಬಿಟ್‌ಕಾಯಿನ್ ಫೌಂಡೇಶನ್ 2015ರ ಹೊತ್ತಿಗೆ ಬರಿಗೈಯಾಯಿತು. ಅದರಿಂದ ಸಂಬಳ ಪಡೆಯುತ್ತಿದ್ದ ಪ್ರಮುಖ ತಂತ್ರಜ್ಞರು ಅಮೆರಿಕದ ಎಂಐಟಿ ಸಂಸ್ಥೆಯ ಆಶ್ರಯಕ್ಕೆ ಹೋದರು. 2016ರಲ್ಲಿ ಬಂದ ಝೀಕ್ಯಾಶ್, ಮೊದಲ ನಾಲ್ಕು ವರ್ಷ ಹೊಸದಾಗಿ ಹುಟ್ಟುವ ನಾಣ್ಯಗಳಲ್ಲಿ ಶೇ. 20ನ್ನು ಸ್ಥಾಪಕರು, ಹೂಡಿಕೆದಾರರು ಮುಂತಾದವರಿಗೆ ಮೀಸಲಿಟ್ಟಿತು. 2014ರ ಏಪ್ರಿಲ್‌ನಲ್ಲಿ ಆರಂಭವಾದ ಮೊನೆರೊ ಮಾತ್ರ ಅಂಥ ಮೀಸಲನ್ನು ಇಟ್ಟುಕೊಳ್ಳದೆ ವಂತಿಗೆಯ ಹಾದಿ ಹಿಡಿಯಿತು.

ಅದರ ಕ್ರಮ ಸರಳ. ಕೆಲಸ ಮಾಡಲಿಚ್ಛಿಸುವವನು ಏನು ಮಾಡುತ್ತೇನೆ, ಎಷ್ಟು ಬೇಕು ಎಂದು ಬರೆದು ಎಲ್ಲರ ಮುಂದಿಡಬೇಕು. ಅದರ ಮೇಲೆ ಬಹಿರಂಗ ಚರ್ಚೆ ನಡೆಯುತ್ತದೆ. ಒಪ್ಪಿಗೆಯಾದರೆ ಬಳಕೆದಾರರು ಕೈಲಾದಷ್ಟು ನಾಣ್ಯ ಹಾಕುತ್ತಾರೆ. ಹಣ ಒಮ್ಮೆಲೇ ಕೆಲಸಗಾರನ ಕೈಗೆ ಹೋಗುವುದಿಲ್ಲ. ಅದು ಮೇಲ್ವಿಚಾರಕರ ಬಳಿ ಇದ್ದು, ಕೆಲಸದ ಒಂದೊಂದು ಹಂತ ಮುಗಿದಂತೆ ಸಂದಾಯವಾಗುತ್ತದೆ.

ಕ್ರಿಪ್ಟೋ ಕರೆನ್ಸಿಯ ಬಗ್ಗೆ, ಅದರ ಸುತ್ತ ನಡೆಯುವ ಜೂಜಿನ ಬಗ್ಗೆ ನಮಗೆ ತಕರಾರುಗಳಿವೆ. ಅದು ಬೇರೆ ಚರ್ಚೆ. ಆದರೆ ಈ ವಂತಿಗೆಯ ಪದ್ಧತಿಯನ್ನು ನಾವು ಮೆಚ್ಚದೆ ಇರಲಾರೆವು. 2018ರಲ್ಲಿ ಮೊನೆರೊ 'ಬುಲೆಟ್‌ಪ್ರೂಫ್ಸ್' ಎಂಬ ಗಣಿತ ವಿಧಾನವನ್ನು ಅಳವಡಿಸಿಕೊಂಡಾಗ ಪ್ರತಿ ವ್ಯವಹಾರದ ದಾಖಲೆಯ ಗಾತ್ರ ಸುಮಾರು ಶೇ. 80ರಷ್ಟು ಇಳಿಯಿತು. ಅದಕ್ಕೂ ಮೊದಲು ಆ ಸಂಕೇತವನ್ನು ಹೊರಗಿನ ತಜ್ಞರಿಂದ ತಪಾಸಣೆ ಮಾಡಿಸಲು ಹಣ ಕೊಟ್ಟವರು ಬಳಕೆದಾರರೇ. ಯಾವ ಕಂಪೆನಿಯ ಲಾಭಕ್ಕೂ ಕಾಯದೆ ಜನರೇ ತಮ್ಮ ಸೊತ್ತಿನ ಕಾವಲಿಗೆ ಖರ್ಚು ಮಾಡುವುದು ಸಣ್ಣ ಸಂಗತಿಯಲ್ಲ.

ಆದರೆ ಮೆಚ್ಚುಗೆಯಲ್ಲೇ ಮಾತು ಮುಗಿಸುವಂತಿಲ್ಲ. 2023ರ ಸೆಪ್ಟೆಂಬರ್ 1ರಂದು ಈ ವಂತಿಗೆಯ ಪೆಟ್ಟಿಗೆಯನ್ನೇ ಯಾರೋ ಬರಿದು ಮಾಡಿದರು. ಹೋದದ್ದು 2,675.73 ಮೊನೆರೊ, ಸುದ್ದಿ ಹೊರಬಂದಾಗಿನ ಬೆಲೆಯಲ್ಲಿ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು. ಇದು ಹಣ ಕೊಟ್ಟವರಿಗೆ ತಿಳಿದದ್ದು ನವೆಂಬರಿನಲ್ಲಿ. ಆ ಪೆಟ್ಟಿಗೆಯ ಕೀಲಿ ಇದ್ದದ್ದು ಇಬ್ಬರ ಬಳಿ ಮಾತ್ರ. ಬ್ಯಾಂಕಿನ ಜಂಟಿ ಖಾತೆಯಲ್ಲಾದರೆ ಇಬ್ಬರ ಸಹಿಯೂ ಬೇಕೆಂದು ಗೊತ್ತುಮಾಡಬಹುದು. ಇಲ್ಲಿ ಇದ್ದದ್ದು ಎರಡು ಸಹಿಯಲ್ಲ, ಒಂದೇ ಬೀಗಕ್ಕೆ ಎರಡು ಕೀಲಿಕೈ. ಒಂದು ಕಳ್ಳನ ಕೈಸೇರಿದರೂ ಸಾಕು. ಕಳವು ಹೇಗಾಯಿತೆಂದು ಆ ಪ್ರಕಟಣೆಯ ಹೊತ್ತಿಗೆ ಪತ್ತೆಯಾಗಿರಲಿಲ್ಲ. ಆದ್ದರಿಂದ ನಾವು ಯಾರತ್ತಲೂ ಬೆರಳು ತೋರಿಸುವುದಿಲ್ಲ. ನಮ್ಮ ಆಕ್ಷೇಪ ವ್ಯಕ್ತಿಗಳ ಮೇಲಲ್ಲ, ವ್ಯವಸ್ಥೆಯ ಮೇಲೆ.

ಯಾವ ಬ್ಯಾಂಕನ್ನೂ, ಯಾವ ಸರಕಾರವನ್ನೂ ನಂಬಬೇಕಿಲ್ಲ, ಗಣಿತವನ್ನು ನಂಬಿದರೆ ಸಾಕು ಎಂದು ಸಾರಿದವರು ಕೊನೆಗೆ ತಮ್ಮ ಹಣವನ್ನು ಇಬ್ಬರ ಮೇಲಿನ ನಂಬಿಕೆಗೆ ಬಿಟ್ಟರಲ್ಲ! ಸಂಕೇತದ ಒಂದೊಂದು ಸಾಲನ್ನೂ ಹತ್ತು ಕಣ್ಣುಗಳು ಪರೀಕ್ಷಿಸುವಲ್ಲಿ ಹಣದ ಪೆಟ್ಟಿಗೆಯನ್ನು ಅಷ್ಟೇ ಕಟ್ಟುನಿಟ್ಟಾಗಿ ಯಾರೂ ಪರೀಕ್ಷಿಸಲಿಲ್ಲ. ಅದಕ್ಕೊಂದು ತಾಂತ್ರಿಕ ತೊಡಕೂ ಇದೆ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದನ್ನು ಮರೆಮಾಡುವುದೇ ಮೊನೆರೊದ ಗುಣ. ಖಾತೆಯ 'ನೋಡುವ ಕೀಲಿ'ಯನ್ನು ಬಹಿರಂಗಪಡಿಸಿದರೂ ಒಳಬಂದದ್ದು ಕಾಣುತ್ತದೆಯೇ ಹೊರತು ಹೊರಹೋದದ್ದು ಅಷ್ಟರಿಂದಲೇ ತಿಳಿಯದು. ಖಾಸಗಿ ವ್ಯಕ್ತಿಯ ಜೇಬಿಗೆ ಈ ಗುಟ್ಟು ಒಪ್ಪಬಹುದು. ಸಾರ್ವಜನಿಕ ನಿಧಿಗೆ ಒಪ್ಪುವುದೆ?

ಕಳೆದುಕೊಂಡವರು ಯಾರೆಂಬುದನ್ನೂ ನೋಡಬೇಕು. ಹಣ ಹಾಕಿದವರು ಮಾತ್ರವಲ್ಲ, ತಿಂಗಳುಗಟ್ಟಲೆ ದುಡಿದು ಸಂದಾಯಕ್ಕೆ ಕಾದಿದ್ದವರೂ ಹೌದು. ಅವರ ಬಾಕಿಯನ್ನು ಸಾಮಾನ್ಯ ನಿಧಿಯಿಂದ ಭರಿಸಬೇಕೆಂಬ ಕೋರಿಕೆ ಕಳವಿನ ಸುದ್ದಿಯೊಡನೆಯೇ ಬಂತು. ಅದು ನ್ಯಾಯವೇ. ಆದರೆ ಒಂದು ಪೆಟ್ಟಿಗೆಯ ತೂತನ್ನು ಇನ್ನೊಂದು ಪೆಟ್ಟಿಗೆಯಿಂದ ಎಷ್ಟು ಸಲ ಮುಚ್ಚಲಾದೀತು?

ಇಷ್ಟರಿಂದ ವಂತಿಗೆಯ ಹಾದಿಯೇ ತಪ್ಪು, ಧನಿಕನ ಮನೆಯ ಊಟವೇ ಕ್ಷೇಮ ಎಂದು ಯಾರಾದರೂ ವಾದಿಸಿದರೆ ನಾವು ಒಪ್ಪುವುದಿಲ್ಲ. ಹಲವರ ಹಣ ಬರೆಯುವವನನ್ನು ಸ್ವತಂತ್ರನಾಗಿಡುತ್ತದೆ. ಆದರೆ ಹಲವರು ಕೊಟ್ಟ ಹಣಕ್ಕೆ ಹಲವರ ಬೀಗವೂ ಬೇಕು. ಎಲ್ಲರಿಗೂ ಕಾಣುವ ಲೆಕ್ಕವೂ ಬೇಕು. ಕೊಟ್ಟವನು ಲೆಕ್ಕ ಕೇಳಿದರೆ ಅದನ್ನು ಅವಿಶ್ವಾಸವೆಂದು ತಿಳಿಯಬಾರದು. ಲೆಕ್ಕ ಒಪ್ಪಿಸುವುದರಿಂದಲೇ ಮರುದಿನವೂ ವಂತಿಗೆ ಬರುತ್ತದೆ.