ಪಂಕ್ತಿಯ ಹಿರಿಯರು

ಚನ್ನಗಿರಿ ಸೀಮೆಯ ಮದುವೆಗೆ ಹೋದರೆ ನನ್ನ ಕಣ್ಣು ಪಂಕ್ತಿ ನಿಭಾಯಿಸುವ ಹಿರಿಯರನ್ನೇ ಹುಡುಕುತ್ತದೆ. ಬಾಳೆಲೆಯ ತುದಿ ಕೂತವರ ಎಡಕ್ಕಿರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೇಲ್ಭಾಗಕ್ಕೆ. ಅನ್ನದ ಬೆನ್ನಿಗೇ ಸಾರಿನ ಬಕೆಟ್ ಬಾರದಿದ್ದರೆ ಅವರಿಗೆ ತಡೆಯುವುದಿಲ್ಲ. ಕೊನೆಯ ಸಾಲಿನ ಅಜ್ಜಿಯನ್ನು "ಇನ್ನೊಂಚೂರು ಹಾಕ್ಲೇನವ್ವ?" ಎಂದು ಕೇಳಿದ ಮೇಲೇ ಮಜ್ಜಿಗೆ. ಬಾಗಿಲಲ್ಲಿ ನಿಂತ ಜನರನ್ನು ನೋಡಿಯೇ, ಇನ್ನೆಷ್ಟು ಅಕ್ಕಿ ಹಾಕಬೇಕೆಂದು ಅಡುಗೆಯವರಿಗೆ ಹೇಳುತ್ತಾರೆ. ಎಂಥ ಲೆಕ್ಕ ಅದು!

ಈ ಲೆಕ್ಕ ಮದುವೆಗಷ್ಟೇ ಅಲ್ಲ. 2018ರಲ್ಲಿ ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆ ನಡೆಯಿತು. ಒಂಬತ್ತು ದಿನಗಳ ಉತ್ಸವ, ಬಂದವರಿಗೆಲ್ಲ ದಾಸೋಹ. ಬರ ಕಂಡ ತಾಲ್ಲೂಕಿಗೆ ಅಂಥ ಊಟ ನಡೆಸುವ ಬಲ ಬಂದದ್ದು ಇಂಥ ಹಿರಿಯರಿಂದಲೇ.

ಈಗ ಮದುವೆ ಊಟ ಹೆಚ್ಚಾಗಿ ಕ್ಯಾಟರಿಂಗ್‌ನವರ ಪಾಲು. ಆಗಲಿ. ಬಡಿಸಲು ಮಾತ್ರ ಮನೆಯ ನಾಲ್ಕು ಹುಡುಗರನ್ನು ಆ ಹಿರಿಯರ ಪಕ್ಕ ನಿಲ್ಲಿಸಿ.