ಕಿರೀಟ, ಕುಲ್ಲಾಯಿ ಮತ್ತು ಕಂಪಿಲಿಯ ಅತಿಥಿ

ಐತಿಹಾಸಿಕ ಸಿನಿಮಾ ನೋಡಿ ಹೊರಬಂದವರ ಮಾತು ಸಾಮಾನ್ಯವಾಗಿ ತಪ್ಪು ಹುಡುಕುವುದರಿಂದ ಶುರುವಾಗುತ್ತದೆ. ಸೈನಿಕನ ಮುಂಗೈಯಲ್ಲಿ ಕೈಗಡಿಯಾರದ ಗುರುತಿತ್ತು, ಕೋಟೆಯ ಹಿಂದೆ ಕರೆಂಟಿನ ಕಂಬ ಕಂಡಿತು, ಇತ್ಯಾದಿ. ಹೊಸಪೇಟೆಯ ಆಸುಪಾಸಿನಲ್ಲಿ ಈ ಚಟ ತುಸು ಹೆಚ್ಚೇ ಇದೆ. ಪರದೆಯ ಮೇಲಿನ ಸಾಮ್ರಾಜ್ಯ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಕಲ್ಲಾಗಿ ನಿಂತಿದೆಯಲ್ಲ! ಆದರೆ ಇಂಥ ತಪ್ಪುಗಳು ನಗುವುದಕ್ಕೆ ಸಾಕು, ವಿಮರ್ಶೆಗೆ ಸಾಲವು. ಆ ಕಾಲದಲ್ಲಿ ಯಾರು ಯಾರಿಗೆ ಏನಾಗಿದ್ದರು ಎಂಬುದನ್ನು ಸಿನಿಮಾ ತಿರುಚಿತೇ ಎಂದು ಕೇಳಬೇಕು.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೇಲೆ ಹಾಲಿವುಡ್ಡಿನವರು 2000ದಲ್ಲಿ 'ದಿ ಪೇಟ್ರಿಯಟ್' ಎಂಬ ಚಿತ್ರ ಮಾಡಿದರು. ಕಾಲದ ವಿವರಗಳಿಗಾಗಿ ಸ್ಮಿತ್‌ಸೋನಿಯನ್ ಸಂಸ್ಥೆಯ ನೆರವು ಪಡೆದಿದ್ದರು. ಆದರೆ ದಕ್ಷಿಣ ಕೆರೊಲಿನಾದಲ್ಲಿರುವ ನಾಯಕನ ಹೊಲದಲ್ಲಿ ದುಡಿಯುವ ಕರಿಯರು ಗುಲಾಮರಲ್ಲವಂತೆ, ಕೂಲಿಗೆ ಬಂದ ಸ್ವತಂತ್ರರಂತೆ! ಅಂಗಿಯ ಗುಂಡಿ ಸರಿಯಾಗಿದ್ದು ಏನು ಬಂತು?

ನಮ್ಮಲ್ಲಿ ಗುಂಡಿಯೂ ಸರಿಯಿಲ್ಲ ಎನ್ನುವುದು ಬೇರೆ ಮಾತು. ಆದರೆ ವಿಜಯನಗರದ ವಿಷಯದಲ್ಲಿ ಉಡುಪಿನ ತಪ್ಪು ಉಡುಪಿಗೇ ನಿಲ್ಲುವುದಿಲ್ಲ. ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ರಾಜ ಎಂದರೆ ಕಿರೀಟ. ಟೋಪಿ, ಗಡ್ಡ, ಕಣ್ಣಿಗೆ ಸುರ್ಮಾ, ಮೇಲೊಂದು ಗಹಗಹಿಸುವ ನಗು ಬಂತೆಂದರೆ ಶತ್ರು ಬಂದ. ಮಾತು ಶುರುವಾಗುವ ಮೊದಲೇ ಪ್ರೇಕ್ಷಕನ ತೀರ್ಪು ಮುಗಿದಿರುತ್ತದೆ.

ಈಗ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ವರ್ಣನೆ ನೋಡಿ. ರಾಯ ಮಧ್ಯಮ ಎತ್ತರದವನು, ಬಿಳಿ ಮೈಬಣ್ಣದವನು, ಕೊಂಚ ಸ್ಥೂಲಕಾಯ, ಮುಖದಲ್ಲಿ ಸಿಡುಬಿನ ಕಲೆ. ಚಿನ್ನದ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿಯ ಬಟ್ಟೆ, ಬರಿಗಾಲು, ತಲೆಯ ಮೇಲೆ ಜರಿಯ ಟೋಪಿ! ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರೊಂದಿಗೆ ಕೈಮುಗಿದು ನಿಂತ ಅವನ ಕಂಚಿನ ವಿಗ್ರಹದ ತಲೆಯ ಮೇಲೂ ಅದೇ ಎತ್ತರದ ಟೋಪಿ. ಅದಕ್ಕೆ ಕುಲ್ಲಾಯಿ ಎನ್ನುತ್ತಿದ್ದರು, ಪಾರಸಿಯ 'ಕುಲಾಹ್'. ಅದರ ಜೊತೆಯ ನಿಲುವಂಗಿ ಕಬಾಯಿ, ಅರಬ್ಬಿಯ 'ಕಬಾ'. ಸುಲ್ತಾನರೊಡನೆ ಕಾದಾಡುತ್ತಿದ್ದ ರಾಯರು ಅವರ ದರ್ಬಾರಿನ ಉಡುಪನ್ನು ಸಂಕೋಚವಿಲ್ಲದೆ ತೊಟ್ಟಿದ್ದರು. 'ಹಿಂದೂರಾಯ ಸುರತ್ರಾಣ', ಅಂದರೆ ಹಿಂದೂ ರಾಯರೊಳಗಿನ ಸುಲ್ತಾನ, ಎಂಬ ಬಿರುದನ್ನೂ ಶಾಸನಗಳಲ್ಲಿ ಕೊರೆಸಿದ್ದರು. ವಿದ್ವಾಂಸ ಫಿಲಿಪ್ ವ್ಯಾಗನರ್ 1996ರಲ್ಲಿ ಈ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕುಲ್ಲಾಯಿಯನ್ನು ಕಿತ್ತು ಕಿರೀಟ ಇಟ್ಟ ಕೂಡಲೇ ಈ ಕೊಡುಕೊಳೆಯೆಲ್ಲ ಅಳಿಸಿಹೋಗುತ್ತದೆ.

1970ರ 'ಶ್ರೀ ಕೃಷ್ಣದೇವರಾಯ'ವನ್ನು ಈ ಮಾತಿನಿಂದ ಹೊಡೆದುಹಾಕುವುದು ಅನ್ಯಾಯ. ನಮ್ಮ ಕಡೆಯ ಜನರಿಗೆ ರಾಯನ ಮುಖ ಎಂದರೆ ರಾಜಕುಮಾರರ ಮುಖವೇ. ಬಿ.ಆರ್. ಪಂತುಲು ನಿರ್ದೇಶಿಸಿ, ತಾವೇ ತಿಮ್ಮರುಸುವಾಗಿ ಅಭಿನಯಿಸಿದರು. ಆ ಪಾತ್ರಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ರಾಜನಷ್ಟೇ ತೂಕ ಮಂತ್ರಿಗೂ ಸಿಕ್ಕಿದ್ದು ಚರಿತ್ರೆಗೆ ಒಪ್ಪುವ ಮಾತು. ಸಿಡುಬಿನ ಕಲೆ ಇಲ್ಲ ಎಂದು ನಾನು ಜಗಳ ತೆಗೆಯಲಾರೆ. ನನ್ನ ತಕರಾರು ಚೌಕಟ್ಟಿನ ಹೊರಗೆ ಉಳಿದದ್ದರ ಬಗ್ಗೆ. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವಾಗ ಅಹಮದ್ ಖಾನನ ಮಸೀದಿ ಇದೆ. ಎರಡನೆಯ ದೇವರಾಯನ ಅಧಿಕಾರಿಯಾಗಿದ್ದ ಅವನು 1439ರಲ್ಲಿ ತನ್ನ ಒಡೆಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು. ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ರಾಯರ ಸೈನ್ಯದಲ್ಲಿ ಮುಸ್ಲಿಂ ಸವಾರರು, ಬಿಲ್ಲುಗಾರರು ಇದ್ದರು. ಇವರಲ್ಲಿ ಒಬ್ಬನಾದರೂ ನಮ್ಮ ಜನಪ್ರಿಯ ಸಿನಿಮಾದಲ್ಲಿ ರಾಯನ ಪಕ್ಕ ನಿಂತು ಒಂದು ಮಾತಾಡಿದ್ದು ನನ್ನ ನೆನಪಿನಲ್ಲಿಲ್ಲ.

ಇದನ್ನು ಹೇಳುವಾಗ ನಮ್ಮ ಮನೆಯ ಕಡೆಗೂ ನೋಡಬೇಕು. ಉರ್ದು ಶಾಲೆಯಲ್ಲಿ ಓದಿದ ನನ್ನಂಥವರು ನಸೀಮ್ ಹಿಜಾಜಿಯ ಕಾದಂಬರಿಗಳನ್ನು ನಿದ್ದೆಗೆಟ್ಟು ಓದಿದವರು. ಅಲ್ಲಿಯೂ ಇದೇ ಲೆಕ್ಕ, ಟೋಪಿ ಮಾತ್ರ ಅದಲುಬದಲು. ಇನ್ನು ಕೆಲವು ಮಿತ್ರರು ಹಳೆಯ ಕಾಲವೆಲ್ಲ ಅಣ್ಣತಮ್ಮಂದಿರ ಸಂಸಾರ ಎಂಬಂತೆ ಮಾತಾಡುತ್ತಾರೆ. 1565ರ ನಂತರ ಈ ಪಟ್ಟಣ ಸುಲಿಗೆಯಾದದ್ದು ನಿಜ, ಗುಡಿಗಳು ಹಾಳಾದದ್ದು ನಿಜ. ಅದನ್ನು ಮುಚ್ಚಿಟ್ಟು ತೆಗೆದ ಸಿನಿಮಾವೂ ಸುಳ್ಳೇ. ಆದರೆ ಅದೇ ಅಳಿಯ ರಾಮರಾಯ ಮಗನನ್ನು ಕಳೆದುಕೊಂಡಾಗ ಬಿಜಾಪುರದ ಅಲಿ ಆದಿಲ್ ಶಾಹ ಸ್ವಲ್ಪವೇ ಜನರೊಂದಿಗೆ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿದ್ದನ್ನು ಫೆರಿಶ್ತಾ ಬರೆದಿದ್ದಾನೆ. ಶತ್ರುವಾಗುವ ಮೊದಲು ಅವನು ಆ ಮನೆಯ ದುಃಖಕ್ಕೆ ಬಂದವನು. ಗಿರೀಶ ಕಾರ್ನಾಡರು 'ರಾಕ್ಷಸ ತಂಗಡಿ' (2018) ನಾಟಕದಲ್ಲಿ ಈ ಗೋಜಲಿಗೆ ಕೈಹಾಕಿದರು. ನಮ್ಮ ಸಿನಿಮಾ ಆ ಕಡೆ ತಲೆಹಾಕಿಲ್ಲ.

ಎಲ್ಲಕ್ಕಿಂತ ದೊಡ್ಡ ಕಥೆ ಕಂಪ್ಲಿಯದು. 2006ರಲ್ಲಿ ಎಚ್.ಆರ್. ಭಾರ್ಗವ ಅವರ ನಿರ್ದೇಶನದಲ್ಲಿ, ಶಿವರಾಜಕುಮಾರ್ ನಾಯಕರಾಗಿ 'ಗಂಡುಗಲಿ ಕುಮಾರರಾಮ' ಬಂತು. ಕುಮಾರರಾಮ ಎಂದಕೂಡಲೇ ನೆನಪಾಗುವುದು 'ಪರನಾರಿ ಸಹೋದರ' ಎಂಬ ಬಿರುದು, ಮಲತಾಯಿ ರತ್ನಾಜಿಯ ಪ್ರಸಂಗ. ನಂಜುಂಡ ಕವಿಯ ಸಾಂಗತ್ಯದಲ್ಲಿ, ಬಯಲಾಟದಲ್ಲಿ, ಜನರ ಬಾಯಲ್ಲಿ ಬೆಳೆದ ಕಥೆ ಅದು. ಸಂಡೂರಿನ ರಾಮನದುರ್ಗಕ್ಕೆ ಆ ಹೆಸರು ಬಂದದ್ದೂ ಅವನಿಂದಲೇ. ಇದಕ್ಕೆ ದಾಖಲೆ ಎಲ್ಲಿ ಎಂದು ಕೇಳುವುದು ಅರಸಿಕತನ. ಜನ ಏಳುನೂರು ವರ್ಷ ಕಾಪಾಡಿಕೊಂಡ ನೆನಪೂ ಒಂದು ಬಗೆಯ ಸತ್ಯವೇ.

ಆದರೆ ಕಂಪಿಲಿ ಬಿದ್ದದ್ದು ಯಾತಕ್ಕೆ? ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಅವನ ಸಂಬಂಧಿಯೇ ಆದ ಬಹಾವುದ್ದೀನ್ ಗುರ್ಶಾಸ್ಪ್ ದಂಗೆ ಎದ್ದ. ಸೋತು, ಓಡಿಬಂದು, ಕಂಪಿಲರಾಯನ ಆಶ್ರಯ ಕೇಳಿದ. ರಾಯ ಕೊಟ್ಟ. ಬೆನ್ನಟ್ಟಿ ಬಂದ ಸೈನ್ಯಕ್ಕೆ ಅತಿಥಿಯನ್ನು ಒಪ್ಪಿಸಲಿಲ್ಲ. ಇನ್ನು ತಡೆಯಲಾಗದು ಎನಿಸಿದಾಗ ಅವನನ್ನು ಇನ್ನೊಬ್ಬ ದೊರೆಯ ಬಳಿಗೆ ಕಳಿಸಿದ. ಅಂತಃಪುರದ ಹೆಂಗಸರು ಬೆಂಕಿಗೆ ಹಾರಿದರು, ರಾಯ ತನ್ನವರೊಂದಿಗೆ ಕಾದಾಡಿ ಸತ್ತ. ಇದು 1327ರ ಮಾತು. ಗುರ್ಶಾಸ್ಪ್ ಹೋಗಿ ಸೇರಿದ್ದು ಹೊಯ್ಸಳ ಮೂರನೆಯ ಬಲ್ಲಾಳನಲ್ಲಿಗೆ. ಬಲ್ಲಾಳ ಅವನನ್ನು ದೆಹಲಿಯವರಿಗೆ ಒಪ್ಪಿಸಿಬಿಟ್ಟ. ಸುಲ್ತಾನ ಅವನ ಚರ್ಮ ಸುಲಿಸಿದ.

ಇದನ್ನು ಬರೆದಿಟ್ಟವನು ಇಬ್ನ್ ಬತೂತಾ, ಒಬ್ಬ ಮುಸ್ಲಿಂ ಪ್ರವಾಸಿ. ಬೇಟೆಯಾದವನೂ ಬೇಟೆಗಾರನೂ ಮುಸ್ಲಿಮರು, ಪ್ರಾಣ ಕೊಟ್ಟು ಕಾಪಾಡಿದವನೂ ಕೈಬಿಟ್ಟವನೂ ಹಿಂದೂ ದೊರೆಗಳು. ಕಿರೀಟ-ಟೋಪಿಯ ಲೆಕ್ಕದಲ್ಲಿ ಈ ಕಥೆಯನ್ನು ಕೂರಿಸುವುದು ಹೇಗೆ? ಕುಮಾರರಾಮನ ಶೌರ್ಯಕ್ಕೆ ಕೊರತೆಯಾಗದಂತೆ ಇದನ್ನು ನಡುವಿಗೆ ತಂದು ಒಂದು ಚಿತ್ರ ಮಾಡಲು ಸಾಧ್ಯವಿದೆ.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಸೆರೆಸಿಕ್ಕ ರಾಯನ ಹನ್ನೊಂದು ಮಕ್ಕಳನ್ನು ದೆಹಲಿಗೆ ಒಯ್ದು ಮುಸ್ಲಿಮರನ್ನಾಗಿ ಮಾಡಿದರು. ಅವರ ತಂದೆಯ ನಡತೆಯನ್ನು ಮೆಚ್ಚಿ, ಅವನನ್ನು ಕೊಲ್ಲಿಸಿದ ಸುಲ್ತಾನನೇ ಅವರಿಗೆ ಅಮೀರರ ಪದವಿ ಕೊಟ್ಟ. ಅವರಲ್ಲಿ ಮೂವರನ್ನು ಬತೂತಾ ಕಂಡಿದ್ದ. ಒಬ್ಬನ ಹೆಸರು ಅಬು ಮುಸ್ಲಿಂ. ಸುಲ್ತಾನ ಕುಡಿಯುವ ನೀರಿನ ಪಾತ್ರೆಗೆ ಮುದ್ರೆ ಒತ್ತುವುದು ಅವನ ಕೆಲಸ. ಅವನು ನನ್ನ ಗೆಳೆಯನಾಗಿದ್ದ ಎನ್ನುತ್ತಾನೆ ಬತೂತಾ. ತಂದೆಯನ್ನು ಕೊಲ್ಲಿಸಿದವನ ನೀರನ್ನು ಕಾಯುತ್ತ ನಿಂತ ಕಂಪ್ಲಿಯ ಆ ಹುಡುಗನ ಪಾತ್ರವನ್ನು ನಮ್ಮ ಯಾವ ನಟ ಮಾಡಿಯಾನು?