ಸಿಮೆಂಟಿನಲ್ಲಿ ಉಳಿದ ಊರು

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇರುವ ಉತ್ಸವ್ ರಾಕ್ ಗಾರ್ಡನ್ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸಿನ ಕೂಸು. ಸೊಲಬಕ್ಕನವರ ಚಿತ್ರ, ಶಿಲ್ಪ ಎರಡರಲ್ಲೂ ಪಳಗಿದವರು. ದೊಡ್ಡಾಟದ ಪುನರುಜ್ಜೀವನಕ್ಕೂ ದುಡಿದವರು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು.

ಉದ್ಯಾನದ ಜೀವಾಳ ಉತ್ತರ ಕರ್ನಾಟಕದ ಹಳ್ಳಿ. ರೈತ, ಕುಂಬಾರ, ಕಮ್ಮಾರ, ದನಕರು ಎಲ್ಲವೂ ಆಳೆತ್ತರದ ಸಿಮೆಂಟ್ ಶಿಲ್ಪಗಳು. ಉಟ್ಟ ಸೀರೆಯ ನೆರಿಗೆ, ಸುತ್ತಿದ ರುಮಾಲು, ಕೆಲಸಕ್ಕೆ ಬಾಗಿದ ಬೆನ್ನು ಕೂಡ ಇಲ್ಲಿ ಸುಳ್ಳಾಡುವುದಿಲ್ಲ. ದುಡಿಮೆಯನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ದಕ್ಕುವ ನಿಖರತೆ ಇದು. ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳಿಗೂ ಇಲ್ಲಿ ಪ್ರತ್ಯೇಕ ಜಾಗವಿದೆ.

ಇದೇ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ಸೊಲಬಕ್ಕನವರ 2020ರಲ್ಲಿ ನಿಧನರಾದರು.